7,500 ರೂಪಾಯಿಯ ಕೆರಿಯರ್ ಕೌನ್ಸೆಲಿಂಗ್: ಮಗಳ ಜೊತೆ ಹೋಗಿ ಬಂದ ಮೇಲೆ

ಹೋದ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಬೆಂಗಳೂರಿನ ಒಂದು ಕೆರಿಯರ್ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿದ್ದೆ. ಫೀಸು 7,500 ರೂಪಾಯಿ. ಊರಲ್ಲಿ ಇದು ಗೊತ್ತಾದ ಮೇಲೆ ಮೂರ್ನಾಲ್ಕು ಜನ ಕೇಳಿದರು, ಹೋಗಬಹುದಾ, ಏನಾದರೂ ಪ್ರಯೋಜನ ಇದೆಯಾ ಅಂತ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಪೂರ್ತಿ ಬರೆದುಬಿಡುತ್ತೇನೆ. ಸೆಂಟರ್ ಹೆಸರು ಹಾಕುವುದಿಲ್ಲ. ಅಲ್ಲಿದ್ದ ಒಬ್ಬ ಮೇಡಂ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದರು. ಉಳಿದದ್ದರಲ್ಲಿ ಬೇಸರವಾದದ್ದೇ ಜಾಸ್ತಿ.

ನಮ್ಮದು ತಿಪಟೂರು ಹತ್ತಿರದ ಹಳ್ಳಿ. ತೆಂಗಿನ ತೋಟ, ಜೊತೆಗೆ ಸ್ವಲ್ಪ ಕೊಬ್ಬರಿ ವ್ಯಾಪಾರ. ಮಗಳು ತುಮಕೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾಳೆ, ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದರಲ್ಲ, ಇವಳದು ಆ ಮೂರು ವರ್ಷದ ಬ್ಯಾಚು. ಎರಡನೇ ವರ್ಷ ಅರ್ಧ ಮುಗಿದಾಗ ಮನೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ ಹತ್ತಿಕೊಂಡಿತು. ಮುಂದೇನು?

ಭಾವ ಬಿ.ಎಡ್ ಮಾಡಿಸಿ ಅಂದರು. ನನ್ನ ತಮ್ಮ ಬ್ಯಾಂಕ್ ಪರೀಕ್ಷೆ ಅಂದ. ನಾನು ಪ್ರತಿ ಭಾನುವಾರ ಫೋನ್ ಮಾಡಿ ಅದನ್ನೇ ಕೇಳುತ್ತಿದ್ದೆ. ಏನು ಯೋಚನೆ ಮಾಡಿದೆ ಮಗಳೇ? ಅವಳು ನೋಡ್ತೀನಿ ಅಪ್ಪ ಅನ್ನುತ್ತಿದ್ದಳು. ಮುಂದಿನ ಭಾನುವಾರ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಡಿಸೆಂಬರ್ ಹೊತ್ತಿಗೆ ಭಾನುವಾರದ ಫೋನು ಅವಳು ಎತ್ತುವುದೇ ಕಡಿಮೆಯಾಯಿತು. ಓದುತ್ತಿದ್ದೆ, ಚಾರ್ಜ್ ಇರಲಿಲ್ಲ, ಸ್ನಾನಕ್ಕೆ ಹೋಗಿದ್ದೆ, ಹೀಗೆ ಏನಾದರೊಂದು. ಆಗ ಮೊಬೈಲಿನಲ್ಲಿ ಈ ಸೆಂಟರ್‌ನ ಜಾಹೀರಾತು ಕಂಡಿತು. ನಮಗೆ ಗೊತ್ತಾಗದ್ದನ್ನು ಗೊತ್ತಿರುವವರು ಹೇಳಲಿ ಅಂತ ದುಡ್ಡು ಕಟ್ಟಿದೆ.

ಪ್ಯಾಕೇಜಿನಲ್ಲಿ ಏನೇನು ಇತ್ತು ಅಂದರೆ, ಒಂದು ಆನ್‌ಲೈನ್ ಟೆಸ್ಟು, ಅದರ ರಿಪೋರ್ಟು, ಸೆಂಟರ್‌ನಲ್ಲಿ ಒಂದೂವರೆ ಗಂಟೆ ಕೂತು ಮಾತಾಡುವುದು, ಆಮೇಲೆ ಮೂರು ತಿಂಗಳೊಳಗೆ ಒಂದು ಫೋನ್ ಕರೆ.

ಮೊದಲು ಟೆಸ್ಟಿನ ವಿಷಯ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಗಳು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಪರೀಕ್ಷೆ ಬರೆಯುತ್ತಾಳೆ, ಆದರೂ ಗಡಿಯಾರ ಓಡುತ್ತಿರುವಾಗ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಅಂಕ ಎಲ್ಲಿಂದ ಬರಬೇಕು? ರಿಪೋರ್ಟಿನಲ್ಲಿ 'ಭಾಷಾ ಸಾಮರ್ಥ್ಯ ಸರಾಸರಿಗಿಂತ ಕಡಿಮೆ' ಅಂತ ಬಂತು. ತರ್ಕದ ಭಾಗದಲ್ಲೂ ಕಡಿಮೆ ಬಂದಿತ್ತು, ಆ ಲೆಕ್ಕಗಳೂ ಉದ್ದುದ್ದ ಇಂಗ್ಲಿಷ್ ವಾಕ್ಯಗಳೇ. ಇದೇ ಹುಡುಗಿ ಮನೆಯಲ್ಲಿ ನಾನು ಹೇಳಿದ ತೂಕಕ್ಕೂ ರೇಟಿಗೂ ಬಾಯಲ್ಲೇ ಲೆಕ್ಕ ಹಾಕಿ ವ್ಯಾಪಾರಿಗೆ ಹೇಳುವವಳು. ಅವಳು ಆ ಪುಟ ನೋಡಿ ಮುಖ ಸಣ್ಣ ಮಾಡಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳ್ಳಿ ಕಡೆಯಿಂದ, ಕನ್ನಡ ಶಾಲೆಯಿಂದ ಬಂದ ಮಕ್ಕಳ ಪೋಷಕರು ದುಡ್ಡು ಕಟ್ಟುವ ಮೊದಲು ಇದೊಂದು ಕೇಳಿ. ಕನ್ನಡದಲ್ಲಿ ಟೆಸ್ಟ್ ಇದೆಯಾ? ಇಲ್ಲದಿದ್ದರೆ, ಭಾಷೆಯಿಂದ ಅಂಕ ಕಡಿಮೆ ಬಂದರೆ ಅದನ್ನು ಹೇಗೆ ನೋಡುತ್ತೀರಿ? ನಾನು ಕೇಳಲಿಲ್ಲ.

ಆಸಕ್ತಿಯ ಭಾಗ ಬೇರೆ ಥರ ಇತ್ತು. ಈ ಕೆಲಸ ಇಷ್ಟವಾ, ಆ ಕೆಲಸ ಇಷ್ಟವಾ ಅಂತ ಕೇಳಿ ಕೊನೆಗೆ ಆರು ಗುಂಪಿನಲ್ಲಿ ಯಾವುದಕ್ಕೆ ಜಾಸ್ತಿ ಹೊಂದುತ್ತೀರಿ ಅಂತ ಹೇಳುತ್ತದೆ. ಕೈಯಿಂದ ಮಾಡುವ ಕೆಲಸ, ಹುಡುಕಿ ತಿಳಿಯುವ ಕೆಲಸ, ಕಲೆ, ಜನರಿಗೆ ನೆರವಾಗುವುದು, ವ್ಯವಹಾರ, ಅಚ್ಚುಕಟ್ಟಾಗಿ ದಾಖಲೆ ಇಡುವುದು, ಹೀಗೆ ಆರು. ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 1959ರಲ್ಲೇ ಈ ವಿಚಾರ ಮುಂದಿಟ್ಟದ್ದು ಅಂತ ಮಗಳು ಆಮೇಲೆ ಹುಡುಕಿ ಹೇಳಿದಳು. ಅಮೆರಿಕದ ಕಾರ್ಮಿಕ ಇಲಾಖೆ ಇದೇ ಆರು ಗುಂಪಿನ ಪ್ರಶ್ನಾವಳಿಯನ್ನು ಓ-ನೆಟ್ ಅನ್ನುವ ತಾಣದಲ್ಲಿ ಉಚಿತವಾಗಿ ಇಟ್ಟಿದೆ, ಅರವತ್ತು ಪ್ರಶ್ನೆಗಳು, ಯಾರು ಬೇಕಾದರೂ ಮಾಡಬಹುದು. ಅದೂ ಇಂಗ್ಲಿಷಿನದ್ದೇ, ಆದರೆ ಗಡಿಯಾರ ಇಲ್ಲ, ಒಂದೊಂದನ್ನೇ ಮನೆಯಲ್ಲಿ ಕೂತು ಅರ್ಥ ಮಾಡಿಕೊಂಡು ಉತ್ತರಿಸಬಹುದು. ಅವಳು ಮಾಡಿದಳು. ಅಲ್ಲೂ ಇಲ್ಲೂ ಮೊದಲು ಬಂದದ್ದು ಒಂದೇ, ಹುಡುಕಿ ತಿಳಿಯುವ ಕೆಲಸ. ಎರಡನೆಯದು ದಾಖಲೆ ಇಡುವ ಕೆಲಸ. ಇಷ್ಟಕ್ಕೆ ಮಾತ್ರ ಆಗಿದ್ದರೆ ಫೀಸು ಕಟ್ಟಬೇಕಾಗಿರಲಿಲ್ಲ.

ಈಗ ಮಾತುಕತೆಗೆ ಬರುತ್ತೇನೆ. ಶನಿವಾರ ಬೆಳಿಗ್ಗೆ ರೈಲು ಹಿಡಿದು ಹೋದೆವು, ತುಮಕೂರಿನಲ್ಲಿ ಅವಳು ಹತ್ತಿಕೊಂಡಳು. ಕೌನ್ಸೆಲರ್ ಮೇಡಂಗೆ ಸುಮಾರು ಐವತ್ತು ವರ್ಷ ಇರಬಹುದು. ಕನ್ನಡದಲ್ಲೇ ಮಾತಾಡಿದರು, ಅದೇ ಅರ್ಧ ಸಮಾಧಾನ. ಮೊದಲು ಮೂವರೂ ಕೂತೆವು. ಅವರು ಮಗಳಿಗೆ ಒಂದೊಂದೇ ಕೇಳುತ್ತಾ ಹೋದರು, ನಾನು ಉತ್ತರ ಕೊಡುತ್ತಾ ಹೋದೆ. ಬಾಟನಿ ಯಾಕೆ ತಗೊಂಡೆ ಅಂದರು, ಪಿಯುಸಿಯಲ್ಲಿ ಅದರಲ್ಲೇ ಚೆನ್ನಾಗಿ ಬಂದಿತ್ತು ಮೇಡಂ ಅಂದೆ. ಲ್ಯಾಬ್ ಇಷ್ಟವಾ ಅಂದರು, ಇಷ್ಟಾನೇ ಮೇಡಂ ಅಂದೆ. ಮೂರನೇ ಸಲಕ್ಕೆ ಅವರು ನನ್ನ ಕಡೆ ತಿರುಗಿ, "ಸರ್, ನಾನು ಅವಳಿಗೆ ಕೇಳಿದ್ದು. ನೀವು ಒಂದು ನಲವತ್ತು ನಿಮಿಷ ಹೊರಗೆ ಕೂತಿರಿ, ಕಾಫಿ ಕುಡಿದು ಬನ್ನಿ" ಅಂದರು. ನಗುಮುಖದಲ್ಲೇ ಅಂದರು. ಆದರೂ ಖಂಡಿತವಾಗಿ ಅಂದರು.

ಹೊರಗೆ ಕೂತಾಗ ನನಗೆ ತೋರಿದ್ದು ಇಷ್ಟು. ಎರಡು ವರ್ಷದಿಂದ ಮಗಳ ಹತ್ತಿರ ನಾನು ಪ್ರಶ್ನೆ ಕೇಳಿದ್ದೇನೆ, ಅವಳು ಉತ್ತರ ಹುಡುಕಿಕೊಳ್ಳುವಷ್ಟು ಹೊತ್ತು ಸುಮ್ಮನೆ ಕೂತಿದ್ದೇ ಇಲ್ಲ.

ನಲವತ್ತು ನಿಮಿಷ ಐವತ್ತೈದಾಯಿತು. ಒಳಗೆ ಕರೆದರು. ಮೇಡಂ ಮಗಳಿಗೆ, "ನನಗೆ ಹೇಳಿದ್ದನ್ನೇ ಅಪ್ಪನಿಗೂ ಹೇಳು, ನಿನಗೆ ಎಷ್ಟು ಬೇಕೋ ಅಷ್ಟು" ಅಂದರು. ಆಮೇಲೆ ಗೊತ್ತಾಯಿತು, ಅವರು ಕೇಳಿದ ಮುಖ್ಯ ಪ್ರಶ್ನೆ ಇದಂತೆ. ಮನೆಯಲ್ಲಿ ಯಾರೂ ಹೇಳದೆ ನೀನಾಗಿ ಮಾಡುವ ಕೆಲಸ ಯಾವುದು?

ಅವಳು ಹೇಳಿದ್ದು ಕೊಬ್ಬರಿ ಅಟ್ಟದ ವಿಷಯ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ಹಾಗೇ ಒಣಗಲು ಬಿಟ್ಟು. ಎಂಟರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ತೇವ ಉಳಿದರೆ ಬೂಷ್ಟು ಬರುತ್ತದೆ, ರೇಟು ಹೋಗುತ್ತದೆ. ಮಗಳು ಪಿಯುಸಿಯಿಂದಲೂ ರಜಕ್ಕೆ ಬಂದಾಗ ಅಟ್ಟ ಹತ್ತಿ ಯಾವ ಮೂಲೆಯ ಕಾಯಿಗೆ ಬೂಷ್ಟು ಬಂತು, ಯಾವ ತಿಂಗಳು ಹಾಕಿದ್ದು, ಆಗ ಮಳೆ ಇತ್ತಾ, ಹೆಂಚಿನ ಸಂದಿಯಿಂದ ಗಾಳಿ ಬರುತ್ತಾ ಅಂತ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ಪುಸ್ತಕ ನಾನು ನೋಡಿದ್ದೇನೆ. ಅದರಲ್ಲಿ ನನ್ನ ವ್ಯಾಪಾರದ ಲೆಕ್ಕವನ್ನೂ ಬರೆದಿದ್ದೇನೆ. ಆದರೆ ಇವಳ ಮುಂದಿನ ದಾರಿಗೂ ಆ ಪುಸ್ತಕಕ್ಕೂ ಸಂಬಂಧ ಇರಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲವಂತೆ. ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ, ಅದನ್ನು ಪತ್ತೆ ಮಾಡುವ ಲ್ಯಾಬುಗಳಿವೆ, ಅದೇ ಒಂದು ಉದ್ಯೋಗ ಅಂತ ಮೇಡಂ ಹೇಳಿದಾಗ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಆ 55 ನಿಮಿಷಕ್ಕೆ 7,500 ಕೊಟ್ಟೆ ಅಂತ ಲೆಕ್ಕ ಹಾಕಿದರೆ ನನಗೆ ಬೇಸರವಿಲ್ಲ. ಆ ಮೇಡಂಗೆ ಐದಕ್ಕೆ ಐದು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮೇಡಂ ಎದ್ದು ಹೋದ ಮೇಲೆ ಇನ್ನೊಬ್ಬ ಹುಡುಗ ಬಂದ, ಟೈ ಕಟ್ಟಿಕೊಂಡು. ಬೆರಳಚ್ಚು ಟೆಸ್ಟ್ ಮಾಡಿಸಿ ಸರ್, ಇನ್ನು 3,500 ಅಷ್ಟೇ, ಹುಟ್ಟಿನಿಂದ ಬಂದ ಬುದ್ಧಿ ಯಾವುದು ಅಂತ ಬೆರಳ ಗೆರೆಯಲ್ಲೇ ತಿಳಿಯುತ್ತದೆ ಅಂದ. ಡಿಎಂಐಟಿ ಅಂತ ಇದರ ಹೆಸರು, ಶಾಲೆಗಳಿಗೂ ಬಂದು ಮಾಡುತ್ತಾರೆ, ನೀವೂ ಕೇಳಿರಬಹುದು. ಮಗಳು ನನ್ನ ತೋಳು ಹಿಡಿದು ಬೇಡ ಅಪ್ಪ ಅಂದಳು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ ಸ್ಪಷ್ಟವಾಗಿ ಹೇಳಿದೆ. ದಯವಿಟ್ಟು ಯಾರೂ ಇದಕ್ಕೆ ಒಂದು ರೂಪಾಯಿ ಕೊಡಬೇಡಿ. ದುಡ್ಡು ಹೋಗುವುದು ಒಂದು ಕಡೆ ಇರಲಿ, ನಿನ್ನ ಬೆರಳಲ್ಲಿ ಗಣಿತ ಇಲ್ಲ ಅಂತ ಒಂದು ಕಾಗದ ಹೇಳಿದರೆ ಅದನ್ನು ಮಗು ನಂಬಿಬಿಡುತ್ತದೆ.

ಬೆರಳಚ್ಚು ಬೇಡ ಅಂದದ್ದಕ್ಕೆ ವಿದೇಶದ ಎಂಎಸ್ಸಿ ಬಂತು. ಯಾವ ದೇಶ, ಯಾವ ಯೂನಿವರ್ಸಿಟಿ ಎಲ್ಲ ಅವರೇ ನೋಡಿಕೊಳ್ಳುತ್ತಾರಂತೆ, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂತೆ. ಒಟ್ಟು ಎಷ್ಟಾಗುತ್ತದೆ ಅಂದರೆ ಲೋನ್ ಸಿಗುತ್ತೆ ಸರ್ ಅನ್ನುವುದೇ ಉತ್ತರ. ಸಲಹೆ ಕೊಡುವ ಜಾಗದಲ್ಲೇ ಸೀಟೂ ಮಾರುತ್ತಿದ್ದರೆ ಆ ಸಲಹೆಯನ್ನು ಎಷ್ಟು ನಂಬುವುದು? ವಿದೇಶಕ್ಕೆ ಕಳಿಸುವುದು ತಪ್ಪು ಅನ್ನುತ್ತಿಲ್ಲ. ನನ್ನ ಮಗಳು ಒಂದು ಸಲವೂ ಆ ಮಾತು ಎತ್ತಿರಲಿಲ್ಲ, ಅಷ್ಟೇ.

ರಿಪೋರ್ಟು ಮೂವತ್ತೆಂಟು ಪುಟ ಇತ್ತು. ಬಣ್ಣದ ಚಿತ್ರ, ಚಕ್ರ, ಪಟ್ಟಿ. ನಿಮಗೆ ಸೂಕ್ತವಾದ ಹತ್ತು ವೃತ್ತಿಗಳು ಅಂತ ಒಂದು ಪುಟ. ಅದರಲ್ಲಿ ಡೇಟಾ ಸೈಂಟಿಸ್ಟ್ ಇತ್ತು, ಜೆನೆಟಿಕ್ ಕೌನ್ಸೆಲರ್ ಇತ್ತು. ಕರ್ನಾಟಕದ ಒಂದೇ ಒಂದು ಕಾಲೇಜಿನ ಹೆಸರೂ ಇರಲಿಲ್ಲ. ಯಾವ ಪ್ರವೇಶ ಪರೀಕ್ಷೆ, ಯಾವ ತಿಂಗಳು ಅರ್ಜಿ, ಎಷ್ಟು ಫೀಸು, ಒಂದೂ ಇರಲಿಲ್ಲ. ಮೂರು ತಿಂಗಳೊಳಗಿನ ಫೋನ್ ಕರೆ ಬಂತು, ಮೇಡಂದಲ್ಲ, ಆ ಟೈ ಹುಡುಗನದ್ದು, ಮತ್ತೆ ವಿದೇಶದ ವಿಷಯಕ್ಕೆ. ರಿಪೋರ್ಟಿಗೂ ಆಮೇಲಿನ ಸೇವೆಗೂ ಐದಕ್ಕೆ ಒಂದು ಕೊಡುತ್ತೇನೆ.

ಹಾಗಾಗಿ ಉಳಿದ ಕೆಲಸ ನಾವೇ ಮಾಡಬೇಕಾಯಿತು. ಅದನ್ನೂ ಬರೆಯುತ್ತೇನೆ, ಯಾಕಂದರೆ ನಿಜವಾದ ಉಪಯೋಗ ಆದದ್ದು ಅಲ್ಲಿ, ಮತ್ತೆ ಅದರಲ್ಲಿ ಹೆಚ್ಚಿನದಕ್ಕೆ ಬಸ್ಸು ರೈಲಿನ ಚಾರ್ಜ್ ಬಿಟ್ಟರೆ ಖರ್ಚೇ ಇಲ್ಲ.

ಮೊದಲು ನನ್ನ ಹೆಂಡತಿ ಒಂದು ಕಟ್ಟಳೆ ಮಾಡಿದಳು. ಮುಂದೇನು ಅನ್ನುವ ಮಾತು ತಿಂಗಳಿಗೆ ಒಂದೇ ಭಾನುವಾರ, ಅದೂ ಮಗಳು ಊರಿಗೆ ಬಂದಾಗ, ಊಟ ಆದ ಮೇಲೆ. ಉಳಿದ ದಿನ ಊಟ, ಆರೋಗ್ಯ, ಹಾಸ್ಟೆಲ್ಲು, ಗೆಳತಿಯರು, ಇಷ್ಟೇ. ನೆಂಟರು ಕೇಳಿದರೆ ಉತ್ತರ ಕೊಡುವುದು ನಮ್ಮ ಕೆಲಸ, ಮಗಳ ಮುಂದೆ ಆ ಚರ್ಚೆ ಬೇಡ. ಎರಡು ತಿಂಗಳಲ್ಲಿ ಅವಳೇ ಫೋನ್ ಮಾಡತೊಡಗಿದಳು. ಇವತ್ತು ಲ್ಯಾಬಿನಲ್ಲಿ ಹೀಗಾಯ್ತು ಅಪ್ಪ ಅಂತ ತಾನಾಗಿ ಹೇಳುತ್ತಾಳೆ. ಇಡೀ ವರ್ಷದಲ್ಲಿ ನಾವು ಮಾಡಿದ ಅತಿ ಒಳ್ಳೆಯ ಕೆಲಸ ಇದೇ ಇರಬೇಕು.

ಆಮೇಲೆ ದುಡ್ಡಿನ ಮಾತು. ಇದನ್ನು ಮಕ್ಕಳ ಹತ್ತಿರ ಆಡಬಾರದು, ಅವರ ಮನಸ್ಸಿಗೆ ಭಾರ ಆಗುತ್ತದೆ ಅಂತ ನಾನು ನಂಬಿದ್ದೆ. ಆದರೆ ಅವಳಿಗೆ ಎಷ್ಟು ಖರ್ಚು ಮಾಡಬಹುದು ಅಂತ ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಕೋರ್ಸುಗಳನ್ನು ತಾನೇ ಮನಸ್ಸಿನಲ್ಲಿ ಹೊಡೆದುಹಾಕಿದ್ದಳು. ಕೊಬ್ಬರಿ ರೇಟು ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಬಿದ್ದುಹೋಗುತ್ತದೆ, ಅದು ಅವಳಿಗೂ ಗೊತ್ತು. ಹಾಗಾಗಿ ಒಂದು ಹಾಳೆಯಲ್ಲಿ ಬರೆದು ತೋರಿಸಿದೆವು. ಎರಡು ವರ್ಷದ ಎಂಎಸ್ಸಿಗೆ ಕೈಯಿಂದ ಎರಡು ಲಕ್ಷ ಹಾಕಬಲ್ಲೆವು. ಅದಕ್ಕಿಂತ ಜಾಸ್ತಿ ಆದರೆ ಲೋನು. ನಮ್ಮ ಬ್ಯಾಂಕಿನಲ್ಲಿ ವಿಚಾರಿಸಿದೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವುದಿಲ್ಲ, ಅಪ್ಪ ಅಮ್ಮ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲದ ನಿಯಮದಲ್ಲಿ ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷಕ್ಕೆ. ಆದರೆ ಓದುವಾಗಲೂ ಬಡ್ಡಿ ಬೆಳೆಯುತ್ತಿರುತ್ತದೆ, ಕೈಲಾದರೆ ಆಗಲೇ ಬಡ್ಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಬೇರೆ ಬೇರೆ ಬ್ಯಾಂಕಿನ ಸಾಲಕ್ಕೆ ಒಂದೇ ಕಡೆ ಅರ್ಜಿ ಹಾಕಲು ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಆ ಹಾಳೆಯನ್ನು ಮಗಳು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಅಂತ ಮಾಡುತ್ತಾರೆ, ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಹೊತ್ತಿಗೆ. ಪ್ರವೇಶ ಉಚಿತ. ನಮ್ಮ ಬಾಯಲ್ಲಿ ಇದು ಟಾಟಾ ಇನ್‌ಸ್ಟಿಟ್ಯೂಟ್, ನಾವು ಹೊರಗಿನಿಂದ ಗೇಟು ನೋಡಿದ್ದಷ್ಟೇ. ಆ ದಿನ ಲ್ಯಾಬಿನ ಒಳಗೆ ಹೋಗಿ ಪಿಎಚ್‌ಡಿ ಹುಡುಗ ಹುಡುಗಿಯರನ್ನು ನೇರವಾಗಿ ಮಾತಾಡಿಸಬಹುದು. ಜನ ಸಿಕ್ಕಾಪಟ್ಟೆ ಇರುತ್ತಾರೆ, ಬೆಳಿಗ್ಗೆ ಬೇಗ ಹೋಗಿ, ನೀರು ತಗೊಂಡು ಹೋಗಿ. ಮಗಳು ಒಂದೇ ವಿಭಾಗದ ಮುಂದೆ ಒಂದು ಗಂಟೆ ನಿಂತಳು. ನಾನು ದೂರದಲ್ಲಿ ಮರದ ಕೆಳಗೆ ಕೂತಿದ್ದೆ. ಐಐಟಿಗಳಲ್ಲಿ ಎಂಎಸ್ಸಿಗೆ, ಇಲ್ಲಿ ಬಿಎಸ್ಸಿ ಆದ ಮೇಲೆ ನೇರವಾಗಿ ಮಾಡುವ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಲು ಜಾಮ್ ಅಂತ ಒಂದೇ ಪರೀಕ್ಷೆ ಇದೆ ಅನ್ನುವುದು ಅವಳಿಗೆ ತಿಳಿದದ್ದು ಅಲ್ಲಿ. ಏಳು ವಿಷಯ ಇವೆ, ಕೆಮಿಸ್ಟ್ರಿ, ಬಯೋಟೆಕ್ನಾಲಜಿ ಎರಡೂ ಅದರಲ್ಲಿವೆ, ಒಬ್ಬರು ಎರಡರವರೆಗೆ ಬರೆಯಬಹುದು. ಅರ್ಜಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ, ಕೊನೇ ವರ್ಷದಲ್ಲಿರುವವರೂ ಬರೆಯಬಹುದು. ಅಂದರೆ ಪದವಿ ಮುಗಿದ ಮೇಲೆ ನೋಡೋಣ ಅಂತ ಕೂತರೆ ಒಂದು ವರ್ಷ ಹಾಗೇ ಹೋಗುತ್ತದೆ. ನಮ್ಮ ಕಡೆ ಎಷ್ಟು ಮಕ್ಕಳಿಗೆ ಇದು ಗೊತ್ತಾಗದೆಯೇ ಹೋಗಿದೆಯೋ.

ನಮ್ಮ ಊರಿನವರ ನೆಂಟರ ಮಗಳು ಪೀಣ್ಯ ಕಡೆ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸದಲ್ಲಿದ್ದಾರೆ. ಅವರನ್ನು ಒಂದು ಭಾನುವಾರ ಭೇಟಿ ಮಾಡಲು ಹೇಳಿದೆ. ಫೋನ್ ನಂಬರ್ ಕೊಡಿಸಿದ್ದು ಮಾತ್ರ ನಾನು. ಮಾತಾಡಿ ದಿನ ಗೊತ್ತು ಮಾಡಿದ್ದು, ಹೋದದ್ದು ಅವಳು, ಒಬ್ಬ ಗೆಳತಿಯ ಜೊತೆ. ಅವಳು ಬರೆದುಕೊಂಡು ಹೋದದ್ದು ನಾಲ್ಕು ಪ್ರಶ್ನೆ. ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತೀರಿ? ಯಾವುದು ಬೇಜಾರು? ಶುರುವಿನಲ್ಲಿ ಸಂಬಳ ಎಷ್ಟು? ಮತ್ತೆ ಬಿಎಸ್ಸಿ ಎರಡನೇ ವರ್ಷಕ್ಕೆ ವಾಪಸ್ ಹೋದರೆ ಏನು ಕಲಿಯುತ್ತೀರಿ? ಆ ಹುಡುಗಿ ಏನೂ ಮುಚ್ಚಿಡದೆ ಹೇಳಿದರಂತೆ. ದಿನದ ಅರ್ಧ ರೆಕಾರ್ಡ್ ಬರೆಯುವುದೇ. ಶಿಫ್ಟ್ ಇರುತ್ತದೆ. ಔಷಧದಲ್ಲಿ ಏನೇನು ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಅನ್ನುವ ಯಂತ್ರ ನಡೆಸಲು ಬಂದರೆ ಕೆಲಸ ಬೇಗ ಸಿಗುತ್ತದೆ, ಕಾಲೇಜಿನಲ್ಲಿ ಅದು ಇದ್ದರೆ ಬಿಡಬೇಡ. ಸಂಬಳ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಇದನ್ನು ಕೇಳಿ ಮಗಳು ಹೆದರುತ್ತಾಳೆ ಅಂದುಕೊಂಡಿದ್ದೆ. ರೆಕಾರ್ಡ್ ಬರೆಯೋದು ನನಗೆ ಇಷ್ಟಾನೇ ಅಲ್ವಾ ಅಪ್ಪ ಅಂದಳು.

ಸೆಪ್ಟೆಂಬರ್‌ನಲ್ಲಿ ಮೈಸೂರಿಗೆ ಹೋದೆವು, ಅರಸೀಕೆರೆಗೆ ಹೋಗಿ ಹಾಸನದ ಮೇಲೆ ರೈಲು. ಸಿಎಫ್‌ಟಿಆರ್‌ಐ ಅಂದರೆ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಅಲ್ಲಿ 1950ರಿಂದ ಇದೆ. ಅದು ಸಿಎಸ್‌ಐಆರ್ ಅನ್ನುವ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿಗೆ ಸೇರಿದ್ದು, ಸಿಎಸ್‌ಐಆರ್ ಸಂಸ್ಥಾಪನಾ ದಿನ ಸೆಪ್ಟೆಂಬರ್ 26. ಆ ಹೊತ್ತಿಗೆ ಅದರ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆಯುವ ರೂಢಿ ಇದೆ, ದಿನಾಂಕ ನೋಡಿಕೊಂಡು ಹೋಗಿ. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ಕಂಡುಹಿಡಿದದ್ದು ಇದೇ ಸಂಸ್ಥೆ. ಇಲ್ಲಿ ಆಹಾರ ತಂತ್ರಜ್ಞಾನದಲ್ಲಿ ಎರಡು ವರ್ಷದ ಎಂಎಸ್ಸಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಸೈನಿಕರ ಆಹಾರಕ್ಕೆ ಸಂಶೋಧನೆ ಮಾಡುತ್ತಿದ್ದ ಡಿಎಫ್‌ಆರ್‌ಎಲ್ ಅನ್ನುವ ಪ್ರಯೋಗಾಲಯವೂ ಅದೇ ಊರಿನದ್ದು, ಈಗ ಅದರ ಹೆಸರು ಡಿಐಬಿಟಿ. ನಮ್ಮ ಮನೆಯಿಂದ ಅರ್ಧ ದಿನದ ದಾರಿ. ಮೂವತ್ತೆಂಟು ಪುಟದ ರಿಪೋರ್ಟಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

ಸರ್ಕಾರಿ ಕೆಲಸದ ವಿಷಯಕ್ಕೂ ಒಂದು ಮಾತು, ಯಾಕಂದರೆ ನಮ್ಮ ಭಾವನ ಪ್ರಶ್ನೆ ಅಲ್ಲಿಗೇ ಬರುತ್ತದೆ. ಆಹಾರ ಸುರಕ್ಷತಾ ಅಧಿಕಾರಿ ಅಂತ ಒಂದು ಹುದ್ದೆ ಇದೆಯಲ್ಲ, ಹೋಟೆಲ್ಲು ಅಂಗಡಿಗೆ ಬಂದು ಸ್ಯಾಂಪಲ್ ತೆಗೆಯುವವರು. 2011ರ ನಿಯಮದ ಪ್ರಕಾರ ಅದಕ್ಕೆ ಆಹಾರ ತಂತ್ರಜ್ಞಾನ, ಡೇರಿ, ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಈ ಥರದ ಪದವಿ ಬೇಕು, ಕೆಮಿಸ್ಟ್ರಿ ಆದರೆ ಎಂಎಸ್ಸಿಯೇ ಆಗಬೇಕು. ಅಂದರೆ ಮಗಳ ಈಗಿನ ಬಿಎಸ್ಸಿ ಒಂದರಿಂದಲೇ ಆಗುವುದಿಲ್ಲ, ಎಂಎಸ್ಸಿಯಲ್ಲಿ ಯಾವ ವಿಷಯ ತಗೊಳ್ಳುತ್ತಾಳೆ ಅನ್ನುವುದರ ಮೇಲೆ ಆ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಇಂಥದ್ದನ್ನು ಈಗ ತಿಳಿದರೆ ಉಪಯೋಗ, ಎಂಎಸ್ಸಿ ಮುಗಿದ ಮೇಲೆ ತಿಳಿದರೆ ಏನು ಮಾಡುವುದು? ಬಿ.ಎಡ್ ಕೂಡ ಅವಳು ಬೇಡ ಅಂದಿಲ್ಲ. ಎರಡು ವರ್ಷ, ಆಮೇಲೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ, ಆಮೇಲೆ ನೇಮಕಾತಿ ಕರೆಯಬೇಕು. ಅದನ್ನು ಎರಡನೇ ದಾರಿಯಾಗಿ ಇಟ್ಟುಕೊಂಡಿದ್ದಾಳೆ. ಭಾವನಿಗೂ ಅವಳೇ ಹೇಳಿದಳು, ಸಮಾಧಾನವಾಗಿ ಕೇಳಿಸಿಕೊಂಡರು.

ದುಡ್ಡು ಕೊಟ್ಟು ಸಲಹೆ ಪಡೆಯಲು ಆಗದವರಿಗೂ ಜಾಗಗಳಿವೆ. ಕೇಂದ್ರ ಕಾರ್ಮಿಕ ಇಲಾಖೆಯ ರಾಷ್ಟ್ರೀಯ ವೃತ್ತಿ ಸೇವೆ, ಎನ್‌ಸಿಎಸ್ ಅನ್ನುವ ಪೋರ್ಟಲ್ 2015ರಿಂದ ಇದೆ, ನೋಂದಣಿಗೆ ದುಡ್ಡಿಲ್ಲ, ಉದ್ಯೋಗ ಮೇಳದ ದಿನಾಂಕವೂ ಅಲ್ಲಿ ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನಕ್ಕೇ ಒಂದು ಕೇಂದ್ರ ಇದೆ. ಜಿಲ್ಲೆಯಲ್ಲಿ ಉದ್ಯೋಗ ವಿನಿಮಯ ಕಚೇರಿ ಇದೆ. ಪದವಿ ಆದ ಮೇಲೆ ಒಂದು ವರ್ಷ ಕೆಲಸ ಕಲಿಯಬೇಕು ಅಂದರೆ ಅಪ್ರೆಂಟಿಸ್ ಯೋಜನೆ ಇದೆ. ಅದು ಇಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಅಂತ ನಾವು ತಿಳಿದಿದ್ದೆವು, ಆದರೆ 2014ರ ತಿದ್ದುಪಡಿ ಆದ ಮೇಲೆ ಬೇರೆ ಪದವಿಯವರಿಗೂ ತೆರೆದಿದೆ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ಇಟ್ಟರು. ಇನ್ನು ಓದುವಾಗಲೇ ಸಂಶೋಧನೆ ರುಚಿ ನೋಡಬೇಕು ಅನ್ನುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಇದೆ, ಬೇರೆ ಎರಡು ಅಕಾಡೆಮಿಗಳ ಜೊತೆ ಸೇರಿ ನಡೆಸುತ್ತಾರೆ, ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಬಹುದು.

ಎನ್‌ಪಿಟಿಇಎಲ್ ಪಾಠಗಳ ಬಗ್ಗೆ ಅವಳ ಕೆಮಿಸ್ಟ್ರಿ ಮೇಷ್ಟ್ರು ಹೇಳಿದರು. ಐಐಟಿ ಮೇಷ್ಟ್ರುಗಳು ಮಾಡಿದ ಪಾಠ, ನೋಡಲು ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಸು ಕಟ್ಟಿ ಪರೀಕ್ಷೆ ಬರೆಯಬೇಕು. ಆ ಮೇಷ್ಟ್ರನ್ನು ನಾನೇ ಹೋಗಿ ಕಾಣೋಣ ಅಂದುಕೊಂಡಿದ್ದೆ. ಹೆಂಡತಿ ಬೇಡ ಅಂದಳು. ಅವಳ ಮೇಷ್ಟ್ರು, ಅವಳೇ ಕೇಳಲಿ. ಕೇಳಿದಳು. ಅವರು ತಮ್ಮ ಹಳೇ ವಿದ್ಯಾರ್ಥಿಯೊಬ್ಬರ ಪರಿಚಯವನ್ನೂ ಮಾಡಿಸಿಕೊಟ್ಟರು, ನಾನು ಹೋಗಿದ್ದರೆ ನಿಮ್ಮ ಮಗಳು ಚೆನ್ನಾಗಿ ಓದುತ್ತಾಳೆ ಅಂತ ಹೇಳಿ ಕಳಿಸುತ್ತಿದ್ದರು ಅಷ್ಟೇ.

ಈಗ ನಮ್ಮ ಊರಿನವರ ಪ್ರಶ್ನೆಗೆ ನೇರವಾಗಿ. ಹೋಗಬಹುದಾ? ಮನೆಯಲ್ಲಿ ಮಾತು ನಿಂತುಹೋಗಿದ್ದರೆ, ಮಗು ನಿಮ್ಮ ಮುಂದೆ ಬಾಯಿ ಬಿಡುತ್ತಿಲ್ಲ ಅಂದರೆ, ಹೌದು, ಒಳ್ಳೆಯ ಕೌನ್ಸೆಲರ್ ಜೊತೆಗಿನ ಒಂದು ಗಂಟೆಗೆ ಬೆಲೆ ಇದೆ. ಟೆಸ್ಟು, ರಿಪೋರ್ಟು ಇಲ್ಲದೆ ಬರೀ ಮಾತುಕತೆಗೆ ಎಷ್ಟು ಅಂತ ಕೇಳಿ, ಕೆಲವು ಕಡೆ ಬೇರೆಯಾಗಿ ಕೊಡುತ್ತಾರೆ. ಕೂತು ಮಾತಾಡುವವರು ಯಾರು, ಏನು ಓದಿದ್ದಾರೆ ಅಂತ ಮೊದಲೇ ಕೇಳಿ. ಅದೇ ಸೆಂಟರ್ ಕಾಲೇಜು ಸೀಟು ಕೊಡಿಸುವ ವ್ಯವಹಾರವನ್ನೂ ಮಾಡುತ್ತದಾ ಅಂತ ಕೇಳಿ. ಹೊರಗೆ ಕೂರಿ ಅಂದರೆ ಕೂರಿ. ಅವತ್ತು ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಯಾವ ಅಡ್ವಾನ್ಸೂ ಬೇಡ. ಯಾವ ಕೋರ್ಸು, ಎಲ್ಲಿ, ಅರ್ಜಿ ಯಾವಾಗ ಅನ್ನುವುದನ್ನು ತಿಳಿಯುವುದಕ್ಕೆ ಮಾತ್ರ ಹೋಗುವುದಾದರೆ ಬೇಡ, ಅದನ್ನು ನೀವೂ ಮಗುವೂ ಸೇರಿ ಕಂಡುಕೊಳ್ಳಬಹುದು.

ಮೇಡಂ ಆ ಸೆಂಟರ್ ಬಿಟ್ಟು ಬೇರೆ ಕಡೆ ಹೋಗಿದ್ದಾರೆ ಅಂತ ಕೇಳಿದೆ. ಎಲ್ಲಿದ್ದರೂ ಚೆನ್ನಾಗಿರಲಿ. ಮಗಳು ಜಾಮ್ ಅರ್ಜಿ ಹಾಕಿದಳು, ಬಯೋಟೆಕ್ನಾಲಜಿ ಪೇಪರಿಗೆ. ಸಿಎಫ್‌ಟಿಆರ್‌ಐ ಪ್ರಕಟಣೆಗೆ ಕಾಯುತ್ತಿದ್ದಾಳೆ. ದಸರಾ ರಜಕ್ಕೆ ಬಂದಾಗ ಅಟ್ಟದ ನೋಟ್‌ಬುಕ್ ತಗೊಂಡು ಹೋದಳು, ಅದರಲ್ಲಿ ನನ್ನ ಲೆಕ್ಕದ ಪುಟಗಳನ್ನು ಮಾತ್ರ ಹರಿದು ನನ್ನ ಕೈಗೆ ಕೊಟ್ಟಳು.